ಹಾಜರಿ ಯಂತ್ರಕ್ಕೆ ಎಲ್ಲರ ಮುಖವೂ ಕಾಣುತ್ತದೆಯೇ? ಕೊಳ್ಳುವ ಮೊದಲು ಒರೆಗೆ ಹಚ್ಚುವ ಕ್ರಮ

ಅಡಿಕೆ ಸುಲಿದು ಕರೆಗಟ್ಟಿದ ಬೆರಳು, ಗೇರುಬೀಜದ ಸೊನೆ ತಾಗಿ ಸಿಪ್ಪೆ ಎದ್ದ ಬೆರಳು, ದಿನವಿಡೀ ಮೀನು ಹೆಚ್ಚಿ ಉಪ್ಪುನೀರಲ್ಲಿ ನೆನೆದ ಬೆರಳು. ಇವುಗಳ ಗೆರೆಯನ್ನು ಥಂಬ್ ಯಂತ್ರ ಓದಲು ತಿಣುಕುತ್ತದೆ ಎಂಬುದು ಕಾರವಾರದಿಂದ ಶಿರಸಿಯವರೆಗೆ ಎಲ್ಲರಿಗೂ ಗೊತ್ತು. ಹಾಗಾಗಿಯೇ ಹಾಸ್ಟೆಲ್, ಸೊಸೈಟಿ, ಕಾರ್ಖಾನೆಗಳಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಾಗ ಒಂದು ಪೀಡೆ ಕಳೆಯಿತು ಎಂದುಕೊಂಡವರೇ ಹೆಚ್ಚು. ಅಂಗನವಾಡಿಯಿಂದ ಮನೆಗೊಯ್ಯುವ ಪೌಷ್ಟಿಕ ಆಹಾರಕ್ಕೂ 2025ರಿಂದ ಮುಖ ತೋರಿಸಬೇಕು. ಆದರೆ ಮುಖದ ಯಂತ್ರವೂ ತಪ್ಪುತ್ತದೆ. ಅದರ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದೇ ತೊಡಕು.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರ ಡಿಸೆಂಬರ್‌ನಲ್ಲಿ 99 ತಯಾರಕರ 189 ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ತಪ್ಪು ಪಶ್ಚಿಮ ಮತ್ತು ಪೂರ್ವ ಆಫ್ರಿಕಾದವರ, ಪೂರ್ವ ಏಷ್ಯಾದವರ ಮುಖಗಳಲ್ಲಿ ಹೆಚ್ಚು. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಈ ಅಂತರ ಹತ್ತರಿಂದ ನೂರು ಪಟ್ಟು. ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ನಕ್ಷೆ ಬಿಡಿಸಿ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ತಲೆತಲಾಂತರದಿಂದ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿಯನ್ ಕಾಲೊನಿಯಿದೆ. ಕರಾವಳಿಗಿಳಿದರೆ ಬಿಸಿಲಲ್ಲಿ ಬೆಂದ ಖಾರ್ವಿ, ಮೊಗೇರರ ಮುಖಗಳು, ಹಾಲಕ್ಕಿ ಒಕ್ಕಲಿಗರು. ಘಟ್ಟ ಹತ್ತಿದರೆ ಹವ್ಯಕರು. ಯಂತ್ರಗಳು ಎಡವುವ ಎರಡೂ ಬಗೆಯ ಮುಖಗಳು ಒಂದೇ ಜಿಲ್ಲೆಯಲ್ಲಿ, ಕೆಲವು ಕಡೆ ಒಂದೇ ತರಗತಿಯಲ್ಲಿ ಕೂತಿವೆ. ಕಂಪನಿಯ ಕರಪತ್ರದಲ್ಲಿ ಅಚ್ಚಾದ 'ಶೇ 99 ನಿಖರತೆ' ಈ ತರಗತಿಯಲ್ಲಿ ಅಳೆದದ್ದಲ್ಲ.

ಈ ಬರಹ ಯಂತ್ರ ಕೊಳ್ಳುವವರಿಗೆ ಮತ್ತು ಕೂರಿಸುವವರಿಗೆ: ವಾರ್ಡನ್, ಸೊಸೈಟಿ ಮ್ಯಾನೇಜರ್, ಪಿಡಿಒ, ಕಾಲೇಜಿನ ಕಚೇರಿ, ಹುಬ್ಬಳ್ಳಿಯಿಂದ ಯಂತ್ರ ತಂದು ಮಾರುವ ಏಜೆಂಟರು. ಕಂಪ್ಯೂಟರ್ ವಿದ್ಯೆ ಬೇಕಿಲ್ಲ. ಒಂದು ನೋಟ್‌ಬುಕ್, ಗಡಿಯಾರ, ಮೂರು ದಿನದ ತಾಳ್ಮೆ ಸಾಕು.

ಮೊದಲು ತಪ್ಪು ಯಾವುದೆಂದು ಬೇರ್ಪಡಿಸಿ

ಯಂತ್ರ ಮಾಡುವುದು ಮೂರು ಕೆಲಸ. ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಆ ಮುಖವನ್ನು ಅಂಕಿಗಳ ಸಾಲಾಗಿ ಮಾಡುತ್ತದೆ, ಸಾಮಾನ್ಯವಾಗಿ 128 ಅಥವಾ 512 ಅಂಕಿ. ಆ ಸಾಲು ನೋಂದಣಿಯ ದಿನ ಇಟ್ಟುಕೊಂಡ ಸಾಲಿಗೆ ಎಷ್ಟು ಹತ್ತಿರವಿದೆ ಎಂದು ಅಂಕ ಕೊಡುತ್ತದೆ. ಅಂಕ ಒಂದು ಗೆರೆ ದಾಟಿದರೆ ಹಾಜರಿ, ದಾಟದಿದ್ದರೆ ಕೆಂಪು ದೀಪ. ಆ ಗೆರೆಗೆ ಮೆಕ್ಯಾನಿಕ್‌ಗಳು ಹೇಳುವುದು ಥ್ರೆಶೋಲ್ಡ್.

ತಪ್ಪೂ ಮೂರು ಬಗೆ. ಮುಖವೇ ಸಿಗದೇ ಇರುವುದು ಒಂದು. ನೀವು ನೀವೇ ಆದರೂ ಅಲ್ಲ ಎನ್ನುವುದು ಎರಡನೆಯದು, ಸುಳ್ಳು ತಿರಸ್ಕಾರ. ನಿಮ್ಮನ್ನು ಪಕ್ಕದವರೆಂದು ಒಪ್ಪುವುದು ಮೂರನೆಯದು, ಸುಳ್ಳು ಹೊಂದಿಕೆ. ಮೊದಲೆರಡಕ್ಕೆ ಬಹಳ ಸಲ ಕಾರಣ ಬೆಳಕು ಮತ್ತು ಕ್ಯಾಮೆರಾ. ಅದನ್ನು ನೀವೇ ಅಲ್ಲೇ ಸರಿಮಾಡಬಹುದು. ಮೂರನೆಯದಕ್ಕೆ ಮುಖ್ಯ ಕಾರಣ ಸಾಫ್ಟ್‌ವೇರ್ ಕಲಿತ ಪಾಠ. ಕಲಿಸುವಾಗ ತೋರಿಸಿದ ಲಕ್ಷಾಂತರ ಚಿತ್ರಗಳಲ್ಲಿ ಒಂದು ಬಗೆಯ ಮುಖಗಳು ಕಡಿಮೆಯಿದ್ದರೆ, ಆ ಬಗೆಯವರೊಳಗಿನ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಎಲ್ಲರೂ ಒಂದೇ ಥರ ಕಾಣುತ್ತಾರೆ. ಚೀನಾದಲ್ಲಿ ತಯಾರಾದ ಕೆಲವು ಸಾಫ್ಟ್‌ವೇರ್‌ಗಳಿಗೆ ಪೂರ್ವ ಏಷ್ಯಾದವರ ಮುಖಗಳಲ್ಲಿ ಈ ತೊಂದರೆ ಇರಲಿಲ್ಲ ಎಂಬುದನ್ನು ನಿಸ್ಟ್ ವರದಿಯೇ ಗುರುತಿಸಿದೆ. ದೋಷ ಮುಖದ್ದಲ್ಲ, ಪಾಠದ್ದು. ಅದನ್ನು ತಿದ್ದುವುದು ತಯಾರಕರಿಂದ ಮಾತ್ರ ಸಾಧ್ಯ.

ಬೆಳಕು ನಿಮ್ಮ ಹೊಣೆ, ಪಾಠ ಕಂಪನಿಯ ಹೊಣೆ. ಇವೆರಡನ್ನು ಕಲಸಿಬಿಟ್ಟರೆ ಕಂಪನಿಯ ಹುಡುಗ 'ನಿಮ್ಮಲ್ಲಿ ಬೆಳಕು ಸರಿ ಇಲ್ಲ ಸರ್' ಎಂದು ಹೇಳಿ ಬೈಕ್ ಹತ್ತುತ್ತಾನೆ. ಮುಂದೆ ಹೇಳುವ ಕ್ರಮದ ಉದ್ದೇಶವೇ ಆ ಮಾತು ನಿಜವೋ ನೆಪವೋ ಎಂದು ತಿಳಿಯುವುದು.

ಬೆಳಕು, ಗೋಡೆ, ಲೆನ್ಸ್

ನಮ್ಮ ಕಡೆ ಯಂತ್ರವನ್ನು ಹಾಕುವುದು ಬಾಗಿಲ ಎದುರಿನ ಗೋಡೆಗೆ. ಮುಖ ತೋರಿಸುವವರ ಬೆನ್ನ ಹಿಂದೆ ತೆರೆದ ಬಾಗಿಲು, ಅದರಾಚೆ ಬಿಸಿಲ ಅಂಗಳ ಅಥವಾ ಕಾರವಾರದಂಥ ಕಡೆ ಹೊಳೆಯುವ ಮರಳು. ಕ್ಯಾಮೆರಾ ಇಡೀ ಚಿತ್ರದ ಸರಾಸರಿ ಬೆಳಕು ನೋಡಿ ತನ್ನ ಕಣ್ಣು ಕಿರಿದು ಮಾಡುತ್ತದೆ. ಬಿಳಿ ಮೈಬಣ್ಣದ ಮುಖ ಆಗಲೂ ಹೇಗೋ ಉಳಿಯುತ್ತದೆ. ಕಪ್ಪು ಮೈಬಣ್ಣದ ಮುಖ ಕಣ್ಣು ಮೂಗು ಇಲ್ಲದ ನೆರಳಾಗುತ್ತದೆ. ಸುಣ್ಣ ಬಳಿದ ಬಿಳಿ ಗೋಡೆ ಹಿಂದಿದ್ದರೂ ಇದೇ ಕಥೆ. ಕ್ಯಾಮೆರಾಗಳ ಈ ಪಕ್ಷಪಾತ ಹೊಸದೇನೂ ಅಲ್ಲ. ಫಿಲ್ಮಿನ ಕಾಲದಲ್ಲಿ ಸ್ಟುಡಿಯೋಗಳು ಬಣ್ಣ ಹೊಂದಿಸುತ್ತಿದ್ದದ್ದು ಕೊಡಾಕ್ ಕಳಿಸುತ್ತಿದ್ದ 'ಶರ್ಲಿ ಕಾರ್ಡ್' ನೋಡಿ. ಅದರ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣುಮಗಳು. ಕಂದು ಬಣ್ಣದ ಛಾಯೆಗಳು ಸುಧಾರಿಸಿದ್ದರ ಹಿಂದೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಕಂಪನಿಗಳ ದೂರೂ ಇತ್ತು ಎನ್ನುವುದು ಫೋಟೋಗ್ರಫಿಯ ಇತಿಹಾಸದ ಕಹಿ ತಮಾಷೆ.

ಯಂತ್ರವನ್ನು ತಿರುಗಿಸಿ. ಬಾಗಿಲು ಅಥವಾ ಕಿಟಕಿ ಮುಖದ ಎದುರಿಗೆ ಬರಬೇಕು, ಬೆನ್ನಿಗಲ್ಲ. ಹಿಂಬದಿಗೆ ಹೊಳಪಿಲ್ಲದ ಬೂದು ಅಥವಾ ತಿಳಿಹಸಿರು ಬಟ್ಟೆ ಇಳಿಬಿಡಿ. ಯಂತ್ರದ ಎರಡೂ ಬದಿಗೆ ಒಂದೊಂದು 20 ವ್ಯಾಟಿನ ಎಲ್‌ಇಡಿ ಟ್ಯೂಬ್, ಮುಖದಿಂದ ಸುಮಾರು ಒಂದು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಓರೆಯಾಗಿ. ತಲೆಯ ಮೇಲಿನ ಒಂದೇ ಬಲ್ಬು ಬೇಡ. ಹುಬ್ಬಿನ ನೆರಳು ಕಣ್ಣಿನ ಗುಳಿಯನ್ನು ಮುಚ್ಚುತ್ತದೆ. ಟ್ಯೂಬಿನ ಮುಂದೆ ಬಟರ್ ಪೇಪರ್ ಅಥವಾ ತೆಳು ಪಂಚೆ ಕಟ್ಟಿದರೆ ಹಣೆಯ ಮೇಲೆ ಬೆವರಿನ ಹೊಳಪು ಬೀಳುವುದಿಲ್ಲ. ಮುಖದ ಮೇಲೆ 300ರಿಂದ 500 ಲಕ್ಸ್ ಬೆಳಕಿದ್ದರೆ ಸಾಕು. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೆ 80 ಇದೆಯೋ 400 ಇದೆಯೋ ಎಂದು ಹೇಳುತ್ತದೆ. ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಚಿತ್ರದಲ್ಲಿ ಅಡ್ಡಪಟ್ಟೆ ಕಂಡರೆ ಸೆಟ್ಟಿಂಗ್‌ನಲ್ಲಿ ಆ್ಯಂಟಿ ಫ್ಲಿಕರ್ ಅನ್ನು 50ಕ್ಕೆ ಇಡಿ, ಎಷ್ಟೋ ಯಂತ್ರಗಳು 60ರಲ್ಲಿ ಬರುತ್ತವೆ.

ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಬಿಡುವ ಬೆಳಕು, ಹೊಂದಿಸಲು ಬರುವ ಯಂತ್ರವಾದರೆ ಅದನ್ನು ಮುಖಕ್ಕೆ ಕಟ್ಟಿ, ಇಡೀ ಚಿತ್ರಕ್ಕಲ್ಲ. ಪ್ಲಸ್ ಒಂದಕ್ಕೆ ಇಟ್ಟರೆ ಬೆಳಕು ಎರಡು ಪಟ್ಟಾಗುತ್ತದೆ. ಬಿಳಿ ಮುಖ ತೇಲಿಹೋಗದ ಹಾಗೆ, ಕಪ್ಪು ಮುಖದಲ್ಲಿ ರೆಪ್ಪೆಯ ಅಂಚು ಕಾಣುವ ಹಾಗೆ ಇರಬೇಕು. ಫೋನ್ ಬಳಸುವ ಕಡೆ ಬ್ಯೂಟಿ ಮೋಡ್ ಕಡ್ಡಾಯವಾಗಿ ಆಫ್. ಅದು ಮೈಬಣ್ಣ ತಿಳಿಗೊಳಿಸಿ ಚರ್ಮದ ಗುರುತುಗಳನ್ನು ಒರೆಸಿಹಾಕುತ್ತದೆ; ನೋಂದಣಿ ಒಂದು ಫೋನಿನಲ್ಲಿ, ಹಾಜರಿ ಇನ್ನೊಂದರಲ್ಲಿ ಆದರೆ ಒಬ್ಬರೇ ಇಬ್ಬರಾಗುತ್ತಾರೆ.

ನೋಂದಣಿಯ ಚಿತ್ರವೇ ಅಡಿಪಾಯ. ಎರಡು ಕಣ್ಣುಗುಡ್ಡೆಗಳ ನಡುವೆ ಕನಿಷ್ಠ 60 ಪಿಕ್ಸೆಲ್, ಸಾಧ್ಯವಾದರೆ 90 ಇರಲಿ. ಚಿತ್ರ ಹಿಗ್ಗಿಸಿ ನೋಡಿ: ಕರಿಗುಡ್ಡೆ ಎಲ್ಲಿ ಮುಗಿದು ರೆಪ್ಪೆ ಎಲ್ಲಿ ಶುರು ಎಂದು ಗೊತ್ತಾಗದಿದ್ದರೆ ಆ ಚಿತ್ರ ಬೇಡ, ಮತ್ತೆ ತೆಗೆಯಿರಿ. ಆಧಾರ್‌ನ ಹಳೆಯ ಮಸುಕು ಫೋಟೋವನ್ನೇ ತುಂಬಿಬಿಡುವ ಅಭ್ಯಾಸದಿಂದ ಅರ್ಧ ತಂಟೆ ಹುಟ್ಟುತ್ತದೆ. ಮಳೆಗಾಲದಲ್ಲಿ ಲೆನ್ಸಿನ ಮೇಲೆ ಬೆವರಿದಂತೆ ನೀರು ಕೂರುತ್ತದೆ, ಕರಾವಳಿಯಲ್ಲಿ ಉಪ್ಪಿನ ಪೊರೆ ಕಟ್ಟುತ್ತದೆ. ದಿನಕ್ಕೆರಡು ಸಲ ಒಣ ಹತ್ತಿಬಟ್ಟೆಯಿಂದ ಒರೆಸಿ.

ಯಾರನ್ನು, ಎಷ್ಟು ಜನರನ್ನು ಕರೆಯಬೇಕು

ಪರೀಕ್ಷೆಗೆ ಕಚೇರಿಯ ನಾಲ್ಕು ಜನ ನಿಂತು 'ಎಲ್ಲರದ್ದೂ ಹಿಡೀತು' ಎಂದರೆ ಅದು ಪರೀಕ್ಷೆಯಲ್ಲ. ಜಾತಿ ಕೇಳಿ ವಿಂಗಡಿಸುವುದೂ ಬೇಡ, ಅದು ತಪ್ಪು, ಉಪಯೋಗಕ್ಕೂ ಬಾರದು. ಮೈಬಣ್ಣ ಅಳೆಯಲು 1975ರ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿ ಇದೆ. ಅದು ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ ಎಂದು ಚರ್ಮವೈದ್ಯರಿಗಾಗಿ ಮಾಡಿದ್ದು, ಆರೇ ವರ್ಗ, ಕಪ್ಪಿನ ಕಡೆ ಬಹಳ ಒರಟು. ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿ 2022ರಲ್ಲಿ ಗೂಗಲ್ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಹತ್ತು ಛಾಯೆಗಳ ಮಾಂಕ್ ಪಟ್ಟಿ ಇದಕ್ಕಿಂತ ವಾಸಿ. ಪ್ರಿಂಟ್ ಅಂಗಡಿಯಲ್ಲಿ ಬಣ್ಣ ಕೆಡುತ್ತದೆ, ಆದ್ದರಿಂದ ಒಂದೇ ಟ್ಯಾಬಿನ ಪರದೆಯಲ್ಲಿ, ಬಿಸಿಲಿಲ್ಲದ ಜಗುಲಿಯಲ್ಲಿ ತೋರಿಸಿ. ತನ್ನ ಬಣ್ಣ ಯಾವುದೆಂದು ಬಂದವರೇ ಹೇಳಲಿ; ಇನ್ನೊಬ್ಬರು ಆ ಉತ್ತರ ನೋಡದೆ ತಮ್ಮ ಅಂದಾಜನ್ನು ಪ್ರತ್ಯೇಕ ಬರೆದಿಡಲಿ. ಇಬ್ಬರ ಉತ್ತರದಲ್ಲಿ ಎರಡು ಮೆಟ್ಟಿಲಿಗಿಂತ ಹೆಚ್ಚು ಅಂತರವಿದ್ದರೆ ಮತ್ತೊಮ್ಮೆ ನೋಡಿ.

1ರಿಂದ 4, 5ರಿಂದ 7, 8ರಿಂದ 10 ಎಂದು ಮೂರು ಗುಂಪು ಮಾಡಿ, ಪ್ರತಿಯೊಂದರಲ್ಲೂ ಗಂಡು ಹೆಣ್ಣು ಬೇರೆ. ಮುಂಡಗೋಡದ ಕಡೆಯಾದರೆ ಟಿಬೆಟಿಯನ್ನರದು ಪ್ರತ್ಯೇಕ ಗುಂಪು, ಏಕೆಂದರೆ ಅವರ ತೊಂದರೆ ಬಣ್ಣದಲ್ಲಿ ಕಾಣಿಸುವುದಿಲ್ಲ. 2016ರಲ್ಲಿ ನ್ಯೂಜಿಲೆಂಡಿನ ಪಾಸ್‌ಪೋರ್ಟ್ ಯಂತ್ರ ಏಷ್ಯಾ ಮೂಲದ ಯುವಕನೊಬ್ಬನ ಫೋಟೋವನ್ನು ಕಣ್ಣು ಮುಚ್ಚಿದೆ ಎಂದು ಹಿಂದಕ್ಕೆ ಕಳಿಸಿತ್ತು. ಕಣ್ಣು ಮಿಟುಕಿಸಿ ಎನ್ನುವ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ.

ಪ್ರತಿ ಗುಂಪಿಗೆ ಎಷ್ಟು ಜನ? ಇಲ್ಲಿ ಒಂದು ಸುಲಭ ಲೆಕ್ಕ ನೆನಪಿಡಿ: ಮೂರನ್ನು ಪರೀಕ್ಷೆಗೆ ನಿಂತ ಜನರ ಸಂಖ್ಯೆಯಿಂದ ಭಾಗಿಸಿ. 30 ಜನರಲ್ಲಿ ಒಂದೂ ತಪ್ಪದಿದ್ದರೂ ನಿಜವಾದ ತಪ್ಪು ಶೇ 10ರವರೆಗೆ ಇರಬಹುದು. 60 ಜನರಾದರೆ ಶೇ 5, 300 ಜನರಾದರೆ ಶೇ 1. ಸಣ್ಣ ಸಂಸ್ಥೆಗೆ ಗುಂಪಿಗೆ 60 ಸಾಧ್ಯವಾದರೆ ಚೆನ್ನ, 30ಕ್ಕಿಂತ ಕೆಳಗೆ ಇಳಿಯಬೇಡಿ. ಒಬ್ಬರನ್ನೇ ಹತ್ತು ಸಲ ನಿಲ್ಲಿಸಿ ಹತ್ತು ಜನ ಎಂದು ಎಣಿಸುವಂತಿಲ್ಲ.

ಬರುವವರು ಕೂಲಿ ಬಿಟ್ಟು ಬರುತ್ತಾರೆ. ಅರ್ಧ ದಿನದ ಕೂಲಿ, ಬಸ್ ಚಾರ್ಜು, ಊಟ ಪರೀಕ್ಷೆಯ ಖರ್ಚಿಗೇ ಸೇರಬೇಕು. ಅದನ್ನು ಕಂಪನಿಯಿಂದ ಕೇಳುವುದರಲ್ಲಿ ಸಂಕೋಚವೇನೂ ಬೇಡ, ಅದರ ಸರಕನ್ನೇ ತಾನೇ ಪರೀಕ್ಷಿಸುತ್ತಿರುವುದು. ಯಾಕೆ ಫೋಟೋ, ಎಷ್ಟು ದಿನ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಕನ್ನಡದಲ್ಲೋ ಕೊಂಕಣಿಯಲ್ಲೋ ಮೊದಲೇ ಹೇಳಿ, ಬರೆಸಿಕೊಳ್ಳಿ. 18 ತುಂಬದ ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅದನ್ನೇ ಕೇಳುತ್ತದೆ. ಸಿದ್ದಿ ಕೇರಿಯ ಮುಖಗಳು ಕಂಪನಿಯ ಕಲಿಕೆಯ ಕಡತಕ್ಕೆ ಸದ್ದಿಲ್ಲದೆ ಸೇರಿಹೋಗಬಾರದು. ಬೇಕಿದ್ದರೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಹಣ.

ಪರೀಕ್ಷೆಯ ಮೂರು ದಿನ

ಮೊದಲ ದಿನ ಯಂತ್ರ ಈಗ ಹೇಗಿದೆಯೋ ಹಾಗೆಯೇ ಇರಲಿ, ದೀಪ ಹಾಕಬೇಡಿ. ಎಲ್ಲರನ್ನೂ ನೋಂದಾಯಿಸಿ, ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 5.30ಕ್ಕೆ ಒಂದೊಂದು ಸಲ ನಿಲ್ಲಿಸಿ. ಎರಡನೆಯ ದಿನ ಮೇಲೆ ಹೇಳಿದಂತೆ ಬೆಳಕು ಸರಿಮಾಡಿ, ಹೊಸದಾಗಿ ನೋಂದಾಯಿಸಿ, ಅದೇ ಮೂರು ಹೊತ್ತು. ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಮುಂದೆ ಬರೆಯಬೇಕಾದದ್ದು: ಸಂಖ್ಯೆ (ಹೆಸರಲ್ಲ), ಬಣ್ಣದ ಗುಂಪು, ಹೊತ್ತು, ಮೊದಲ ಯತ್ನದಲ್ಲೇ ಆಯಿತೇ, ಎಷ್ಟನೇ ಯತ್ನಕ್ಕೆ ಆಯಿತು, ಎಷ್ಟು ಸೆಕೆಂಡು ಹಿಡಿಯಿತು, ಯಂತ್ರ ಯಾರ ಹೆಸರು ಹೇಳಿತು. ಮೊದಲ ಯತ್ನದ ಕಾಲಂ ಅತಿ ಮುಖ್ಯ. ಆರನೇ ಸಲಕ್ಕೆ ಮುಖ ಹಿಡಿದರೂ ಯಂತ್ರದ ಲಾಗ್‌ನಲ್ಲಿ 'ಯಶಸ್ವಿ' ಎಂದೇ ಬೀಳುತ್ತದೆ. ಸಾಲಿನಲ್ಲಿ ಎಲ್ಲರೆದುರು ಐದು ಸಲ ಕೆಂಪು ದೀಪ ನೋಡಿದ ಹುಡುಗಿಯ ಲೆಕ್ಕ ಅಲ್ಲಿ ಇರುವುದಿಲ್ಲ.

ಮೂರನೆಯ ದಿನ ಸುಳ್ಳು ಹೊಂದಿಕೆಗೆ. ಒಬ್ಬರ ನಂಬರು ಒತ್ತಿ ಇನ್ನೊಬ್ಬರು ಮುಖ ತೋರಿಸಬೇಕು. ಸಿದ್ದಿ ಹೆಂಗಸಿನ ಎದುರು ಹವ್ಯಕ ಗಂಡಸನ್ನು ನಿಲ್ಲಿಸಿದರೆ ಯಂತ್ರ ಸುಲಭವಾಗಿ ಪಾಸಾಗುತ್ತದೆ. ಮಾರಾಟದ ಪ್ರದರ್ಶನಗಳಲ್ಲಿ ನಡೆಯುವುದೇ ಇದು. ಅದೇ ಗುಂಪು, ಅದೇ ಲಿಂಗ, ಹೆಚ್ಚುಕಡಿಮೆ ಅದೇ ವಯಸ್ಸಿನವರನ್ನು ಒಬ್ಬರಿಗೊಬ್ಬರು ಹೋಲಿಸಿ, ಅಕ್ಕತಂಗಿಯರಿದ್ದರೆ ಅವರನ್ನೂ ಸೇರಿಸಿ. 40 ಜನರ ಗುಂಪಿನಲ್ಲಿ 780 ಜೋಡಿಗಳಾಗುತ್ತವೆ. ಕೈಯಾರೆ ಅಷ್ಟನ್ನೂ ಮಾಡಲಾಗದು. ಚಿತ್ರಗಳ ಕಡತದಿಂದ ಎಲ್ಲ ಜೋಡಿಗಳ ಅಂಕ ತೆಗೆದುಕೊಡಲು ಕಂಪನಿಗೆ ಹೇಳಿ. ಅವರಿಗೆ ಅದು ಕೆಲವೇ ನಿಮಿಷದ ಕೆಲಸ. ಕೊಡುವುದಿಲ್ಲ ಎಂದರೆ ಅಲ್ಲಿಗೇ ಉತ್ತರ ಸಿಕ್ಕಂತೆ.

ಲೆಕ್ಕ ಓದುವಾಗ ಸರಾಸರಿಯನ್ನು ನಂಬಬೇಡಿ. 500 ಜನರ ಸಂಸ್ಥೆಯಲ್ಲಿ ಕಪ್ಪು ಮೈಬಣ್ಣದವರು 50 ಜನ ಎಂದಿಟ್ಟುಕೊಳ್ಳಿ. ಉಳಿದ 450 ಮುಖವೂ ಹಿಡಿದು, ಈ 50ರಲ್ಲಿ 20 ತಪ್ಪಿದರೆ ಒಟ್ಟು ನಿಖರತೆ ಶೇ 96. ವರದಿಯಲ್ಲಿ ಚೆಂದ ಕಾಣುತ್ತದೆ; ಆ 50 ಜನರ ಪಾಲಿಗೆ ಶೇ 40 ತಪ್ಪು. ಅಂತರ ನಿಜವೋ ಆಕಸ್ಮಿಕವೋ ಎಂಬುದಕ್ಕೂ ಒಂದು ಅಂದಾಜು ಬೇಕು. 60ರಲ್ಲಿ 3, ಇನ್ನೊಂದು 60ರಲ್ಲಿ 5 ತಪ್ಪಿದರೆ ಏನೂ ಹೇಳಲಾಗದು. 3 ಮತ್ತು 12 ಆದರೆ ಅದೃಷ್ಟದ ಆಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಎರಡು ಮೂರು ಮಾತ್ರ, ಆಗ ಮಾತೆತ್ತಿ.

ಮೊದಲ ದಿನದ ಅಂತರ ಎರಡನೆಯ ದಿನ ಮುಚ್ಚಿಹೋದರೆ ತಪ್ಪು ಬೆಳಕಿನದು. ಬೆಳಕು ಸರಿಯಾದ ಮೇಲೂ ಉಳಿದರೆ, ಅಥವಾ ಮೂರನೆಯ ದಿನ ಒಂದೇ ಗುಂಪಿನಲ್ಲಿ ಸುಳ್ಳು ಹೊಂದಿಕೆ ರಾಶಿ ಬಿದ್ದರೆ, ಆ ತಪ್ಪು ಸಾಫ್ಟ್‌ವೇರಿನದು.

ಗೆರೆ ಸಡಿಲಿಸುವ ಬಲೆ

ದೂರು ಹೋದಾಗ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ಥ್ರೆಶೋಲ್ಡ್ ಇಳಿಸುವುದು. ಕೂಡಲೇ ಎಲ್ಲರ ಮುಖವೂ ಹಿಡಿಯುತ್ತದೆ, ಎಲ್ಲರಿಗೂ ಖುಷಿ. ಆದರೆ ಗೆರೆ ಇಳಿದಷ್ಟೂ ಸುಳ್ಳು ಹೊಂದಿಕೆ ಏರುತ್ತದೆ, ಅದೂ ಯಾವ ಗುಂಪಿನಲ್ಲಿ ಮೊದಲೇ ಹೆಚ್ಚಿತ್ತೋ ಅಲ್ಲೇ. ಅಕ್ಕನ ರೇಷನ್ ತಂಗಿಯ ಹೆಸರಲ್ಲಿ ಖರ್ಚಾಗುತ್ತದೆ, ಬಾರದವಳ ಹಾಜರಿ ಬೀಳುತ್ತದೆ, ಆಮೇಲೆ ಮೋಸದ ಆರೋಪ ಆ ಕೇರಿಯ ಮೇಲೆಯೇ ಬರುತ್ತದೆ. 2018ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಅಮೆಜಾನಿನ ಸಾಫ್ಟ್‌ವೇರನ್ನು ಅದರ ಮೂಲ ಸೆಟ್ಟಿಂಗ್ ಆದ 80ರಲ್ಲೇ ಇಟ್ಟು ಪರೀಕ್ಷಿಸಿದಾಗ, ಸಂಸತ್ತಿನ 28 ಸದಸ್ಯರನ್ನು ಅದು ಬಂಧಿತರ ಫೋಟೋಗಳಿಗೆ ಹೊಂದಿಸಿತ್ತು. ಅವರಲ್ಲಿ ಬಿಳಿಯರಲ್ಲದವರ ಪಾಲು ಸದನದಲ್ಲಿ ಅವರಿದ್ದ ಪಾಲಿನ ಸುಮಾರು ಎರಡರಷ್ಟು. ಪೊಲೀಸರು 99ರಲ್ಲಿ ಇಡಬೇಕು ಎಂದು ಕಂಪನಿ ಉತ್ತರಿಸಿತು. ಹಾಗಿದ್ದರೆ 80ರಲ್ಲಿ ಮಾರಿದ್ದೇಕೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಸಡಿಲಿಸುವ ಬದಲು ಬಳಸುವ ಕ್ರಮ ಬದಲಿಸಿ. ಮುಖ ನೋಡಿ ಇಡೀ ಪಟ್ಟಿಯಲ್ಲಿ ಹುಡುಕುವ ಬದಲು, ಮೊದಲು ರೋಲ್ ನಂಬರ್ ಒತ್ತಿಸಿ, ಆಮೇಲೆ ಆ ಒಬ್ಬರಿಗೆ ಮಾತ್ರ ಹೋಲಿಸಿ. ಹತ್ತು ಸಾವಿರಕ್ಕೆ ಒಂದು ಸುಳ್ಳು ಹೊಂದಿಕೆ ಇರುವ ಯಂತ್ರದಲ್ಲಿ 300 ಹೆಸರಿದ್ದರೆ, ಪಟ್ಟಿಯಲ್ಲಿಲ್ಲದ ಮುಖವೊಂದು ಯಾರದಾದರೂ ಹೆಸರಿಗೆ ಹೊಂದುವ ಸಾಧ್ಯತೆ ಶೇ 3. ಒಂದು ಗುಂಪಿಗೆ ಆ ತಪ್ಪು ಹತ್ತು ಪಟ್ಟಿದ್ದರೆ ಅದು ಶೇ 26ಕ್ಕೆ ಏರುತ್ತದೆ. ನಂಬರ್ ಒತ್ತಿಸಿದರೆ ಅದೇ ತಪ್ಪು ಸಾವಿರಕ್ಕೆ ಒಂದು.

ಕಂಪನಿಯಿಂದ ಬರೆಸಿಕೊಳ್ಳಬೇಕಾದದ್ದು

ತಿದ್ದಲು ಸಾಧ್ಯವೇ ಇಲ್ಲ ಎಂಬ ಮಾತನ್ನು ಒಪ್ಪಬೇಡಿ. ಸಂಶೋಧಕಿಯರಾದ ಜಾಯ್ ಬುಅಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಫೇಸ್ ಪ್ಲಸ್ ಪ್ಲಸ್ ಸಾಫ್ಟ್‌ವೇರ್‌ಗಳಿಗೆ ಆಫ್ರಿಕಾ ಮತ್ತು ಯುರೋಪಿನ ಆರು ದೇಶಗಳ 1,270 ಸಂಸದರ ಚಿತ್ರ ಕೊಟ್ಟು ಗಂಡೋ ಹೆಣ್ಣೋ ಹೇಳಿ ಎಂದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಹೆಂಗಸರಲ್ಲಿ ಶೇ 34.7ರವರೆಗೆ. ಅದು ಗುರುತು ಹಿಡಿಯುವ ಪರೀಕ್ಷೆಯಲ್ಲ, ಲಿಂಗ ಹೇಳುವ ಪರೀಕ್ಷೆ ಎಂಬುದು ನೆನಪಿರಲಿ. ಹೆಸರು ಹೊರಬಿದ್ದ ಮೇಲೆ ನಡೆದ ಮರುಪರೀಕ್ಷೆಯಲ್ಲಿ ಮೂರೂ ಕಂಪನಿಗಳ ತಪ್ಪು ಬಹಳ ಇಳಿದಿತ್ತು. ಕೇಳುವವರಿದ್ದರೆ ತಿದ್ದುತ್ತಾರೆ. 2020ರಲ್ಲಿ ಐಬಿಎಂ ಸಾಮಾನ್ಯ ಬಳಕೆಯ ಮುಖ ಗುರುತಿನ ವ್ಯಾಪಾರವನ್ನೇ ಬಿಟ್ಟಿತು, ಅಮೆಜಾನ್ ಪೊಲೀಸರಿಗೆ ಕೊಡುವುದನ್ನು ತಡೆಹಿಡಿಯಿತು.

ಟೆಂಡರಿನಲ್ಲಿ, ಇಲ್ಲವೇ ಬಿಲ್ಲಿನ ಹಿಂದೆಯಾದರೂ, ಇಷ್ಟು ಇರಲಿ. ಸಾಫ್ಟ್‌ವೇರ್ ಯಾರದ್ದು, ಯಾವ ಆವೃತ್ತಿ, ನಿಸ್ಟ್ ಪರೀಕ್ಷೆಯಲ್ಲಿ ಅದರ ಹೆಸರೇನು. ಕೂರಿಸಿದ ಥ್ರೆಶೋಲ್ಡ್ ಎಷ್ಟು, ಆ ಗೆರೆಯಲ್ಲಿ ಗುಂಪುವಾರು ಸುಳ್ಳು ತಿರಸ್ಕಾರ ಎಷ್ಟು, ಸುಳ್ಳು ಹೊಂದಿಕೆ ಎಷ್ಟು. ಅತಿ ಕೆಟ್ಟ ಗುಂಪಿನ ತಪ್ಪು ಅತಿ ಒಳ್ಳೆಯ ಗುಂಪಿನ ಎರಡು ಪಟ್ಟು ಮೀರಬಾರದು. ಮೀರಿದರೆ 30 ದಿನದಲ್ಲಿ ತಿದ್ದಬೇಕು, ಆಗದಿದ್ದರೆ ಯಂತ್ರ ವಾಪಸ್, ಹಣ ವಾಪಸ್. ಥ್ರೆಶೋಲ್ಡ್ ಮುಟ್ಟುವ ಮೊದಲು ಬರಹದಲ್ಲಿ ತಿಳಿಸಬೇಕು. ಲಾಗ್ ಕಡತ ಸಂಸ್ಥೆಯ ಸ್ವತ್ತು. ಕೊನೆಯ ಕಂತಿನ ಹಣ ಪರೀಕ್ಷೆ ಮುಗಿದ ಮೇಲೆಯೇ. ಇದೊಂದು ಸಾಲು ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಜರಿ ಪುಸ್ತಕವನ್ನು ಮೂಲೆಗೆ ಹಾಕಬೇಡಿ. ಎರಡು ಯತ್ನಕ್ಕೆ ಆಗದಿದ್ದರೆ ಸಹಿ, ಮಾತು ಮುಗಿಯಿತು. ರೇಷನ್ನಿನಂಥ ಕಡೆ ಇದು ಔದಾರ್ಯವಲ್ಲ: ದೃಢೀಕರಣ ವಿಫಲವಾಯಿತೆಂದು ಸೌಲಭ್ಯ ನಿರಾಕರಿಸಬಾರದು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಸಹಿ ಮಾಡಿದವರ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ. ಅದೇ ಹತ್ತು ಹೆಸರು ಮತ್ತೆ ಮತ್ತೆ ಬಂದರೆ ಅವರು ಯಾರು ಎಂದು ನೋಡಿ.

ಇದೇ ದೋಷ ಆಸ್ಪತ್ರೆಯಲ್ಲೂ ಇದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಆಮ್ಲಜನಕ ಅಳೆಯುತ್ತದೆ. 2020ರ ಅಮೆರಿಕದ ಅಧ್ಯಯನವೊಂದರಲ್ಲಿ ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಕಪ್ಪು ಮೈಬಣ್ಣದವರಿಗೆ ಒಂದು ಅಂಕಿ ನೋಡಿ ಮನೆಗೆ ಕಳಿಸಬೇಡಿ. ಇಳಿಯುತ್ತಿದೆಯೇ ನೋಡಿ, ಉಸಿರಾಟ ಎಣಿಸಿ, ಸಂಶಯವಿದ್ದರೆ ರಕ್ತಪರೀಕ್ಷೆಗೆ ಕಳಿಸಿ.

ಒಮ್ಮೆ ಪಾಸಾದ ಯಂತ್ರ ಸದಾ ಪಾಸಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಒಳಗಿನ ಅಂಕಿಗಳ ಸಾಲೇ ಬದಲಾಗಬಹುದು, ಹಳೆಯ ನೋಂದಣಿಗೆ ಅದು ಹೊಂದದೆ ಹೋಗಬಹುದು. ಪ್ರತಿ ಅಪ್‌ಡೇಟಿನ ಮರುದಿನ ಗುಂಪಿಗೆ ಹತ್ತು ಜನರಂತೆ ನಿಲ್ಲಿಸಿ ನೋಡಿ. ಜೂನ್ ಮೊದಲ ವಾರ ಮೋಡ ಕವಿದ ಮೇಲೆ, ಕೊಪ್ಪೆ ಹೊದ್ದು ಕೊಡೆ ಹಿಡಿದು ಜನ ಬರತೊಡಗಿದಾಗ, ಕರೆಂಟು ಹೋಗಿ ಇನ್ವರ್ಟರಿನಲ್ಲಿ ಒಂದೇ ಟ್ಯೂಬ್ ಉರಿಯುತ್ತಿರುವ ಹೊತ್ತಿನಲ್ಲಿ, ಮತ್ತೊಮ್ಮೆ.